ಸಮಿತಿಯ ಕೆಲಸ, ತರಬೇತುದಾರರ ಕೆಲಸ

ಮಳೆಗಾಲವು ಹಿಂದೆ ಸರಿದು ಮುಂಬಯಿಯ ಮೈದಾನಗಳು ಒಣಗತೊಡಗಿದವೆಂದರೆ ನಮ್ಮವರ ಕ್ರೀಡಾ ಮಂಡಳಗಳಿಗೆ ಜೀವ ಬರುತ್ತದೆ. ಕ್ರಿಕೆಟಿನವರಾದರೋ ಮಳೆ ನಿಲ್ಲುವುದನ್ನು ಕಾಯುವವರಲ್ಲ. ಮಳೆಗಾಲದ ಕೆಸರಿನಲ್ಲಿಯೇ ಆಡುವುದಕ್ಕೆಂದು 1948ರಲ್ಲಿ ಕಾಂಗಾ ಲೀಗನ್ನು ಹುಟ್ಟಿಸಿದ ನಗರವಿದು. ಆದರೆ ಕಬಡ್ಡಿ, ವಾಲಿಬಾಲುಗಳಿಗೆ ಒಣ ನೆಲ ಬೇಕು. ನೆಲ ಒಣಗಿತೋ ಇಲ್ಲವೋ, ಹೊಟೇಲುಗಳ ಗಲ್ಲಾದ ಪಕ್ಕದಲ್ಲಿ ಪಂದ್ಯಾಟಗಳ ಕರಪತ್ರಗಳು ಬಂದು ಕೂರುತ್ತವೆ. ರಸೀದಿ ಪುಸ್ತಕ ಹಿಡಿದ ಯುವಕರು ಧಣಿಗಳು ಊಟ ಮುಗಿಸಿ ಕುಳಿತ ಹೊತ್ತನ್ನು ನೋಡಿಕೊಂಡು ಒಳಗೆ ಬರುತ್ತಾರೆ.

ಇದೇ ಕಾಲದಲ್ಲಿ ನಮ್ಮ ಕಚೇರಿಗೆ ದೂರಿನ ಪತ್ರಗಳೂ ಬರತೊಡಗುತ್ತವೆ. ಮಂಡಳ ಬೇರೆ, ಬಡಾವಣೆ ಬೇರೆ, ಆಟವೂ ಬೇರೆ. ದೂರು ಮಾತ್ರ ವರ್ಷ ವರ್ಷವೂ ಒಂದೇ. ಸಮಿತಿಯವರು ಆಟದಲ್ಲಿ ಕೈಹಾಕುತ್ತಾರೆ ಎಂದು ತರಬೇತುದಾರರು ಬರೆಯುತ್ತಾರೆ. ತರಬೇತುದಾರರು ಯಾರ ಮಾತನ್ನೂ ಕೇಳುವುದಿಲ್ಲ, ಲೆಕ್ಕವನ್ನೂ ಕೊಡುವುದಿಲ್ಲ ಎಂದು ಸಮಿತಿಯವರು ಬರೆಯುತ್ತಾರೆ. ಇಬ್ಬರೂ ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರುತ್ತಾರೆ.

ಆಡುವ ಹುಡುಗನ ಪತ್ರ ಬರುವುದು ಬಹಳ ಅಪರೂಪ. ನಸುಕಿನಲ್ಲಿ ಎದ್ದು ಇಡ್ಲಿಯ ಹಬೆಯ ಮುಂದೆ ನಿಂತವನು, ಊಟದ ಗಿರಾಕಿ ಮುಗಿದ ಮೇಲೆ ದೊರೆಯುವ ಎರಡು ಗಂಟೆಯ ಬಿಡುವಿನಲ್ಲಿ ನಿದ್ದೆಯನ್ನು ತೊರೆದು ಮೈದಾನಕ್ಕೆ ಓಡುವವನು, ಪತ್ರ ಬರೆಯುವುದಾದರೂ ಯಾವಾಗ? ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಕಂಡರೆ ಆತನು ಒಂದು ವಾರ ಬರುತ್ತಾನೆ, ಎರಡು ವಾರ ಬರುತ್ತಾನೆ. ಮೂರನೆಯ ವಾರ ಬರುವುದಿಲ್ಲ. ಆತನು ಏಕೆ ಬರಲಿಲ್ಲವೆಂದು ಯಾವ ಸಮಿತಿಯ ನಡವಳಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಈ ಲೇಖನವನ್ನು ನಾವು ಬರೆಯುತ್ತಿರುವುದು ಆತನಿಗಾಗಿ.

ಇದು ಬರಿಯ ಆಟದ ವಿಷಯ, ಇದಕ್ಕಿಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. ರೈಲ್ವೆಯು ಆಟಗಾರರಿಗೆಂದೇ ಕೆಲವು ಹುದ್ದೆಗಳನ್ನು ಪ್ರತ್ಯೇಕವಾಗಿ ತುಂಬಿಕೊಳ್ಳುತ್ತದೆ. ಮಹಾರಾಷ್ಟ್ರ ಸರಕಾರದ ನೌಕರಿಯಲ್ಲಿ ಪ್ರಾವೀಣ್ಯ ಪಡೆದ ಕ್ರೀಡಾಪಟುಗಳಿಗೆ ಶೇಕಡಾ 5ರ ಮೀಸಲಾತಿ ಇದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಗುಮಾಸ್ತರ ಮಕ್ಕಳಿಗೆ ಇದು ಸಣ್ಣ ಬಾಗಿಲಲ್ಲ. ಆ ಬಾಗಿಲಿಗೆ ಹೋಗುವ ಮೊದಲನೆಯ ಮೆಟ್ಟಿಲು ಯಾವುದು? ಮಂಡಳದ ತಂಡ. ಮಂಡಳದಲ್ಲಿ ಕಣ್ಣಿಗೆ ಬಿದ್ದವನು ಜಿಲ್ಲೆಯ ಆಯ್ಕೆಗೆ ಹೋಗುತ್ತಾನೆ, ಜಿಲ್ಲೆಯಲ್ಲಿ ಗೆದ್ದವನು ರಾಜ್ಯಕ್ಕೆ. ಮೊದಲ ಮೆಟ್ಟಿಲಿನ ಮೇಲೆ ದಾನಿಗಳ ಸೋದರಳಿಯನು ಕುಳಿತಿದ್ದರೆ ಮೇಲಿನ ಮೆಟ್ಟಿಲುಗಳ ಮಾತೇ ಇಲ್ಲ. ಒಂದು ಪಂದ್ಯದ ಪಟ್ಟಿಯಿಂದ ಒಂದು ಹೆಸರನ್ನು ಅಳಿಸುವವರು ತಾವು ಏನನ್ನು ಅಳಿಸುತ್ತಿರುವೆವೆಂದು ತಿಳಿದಿರುವುದಿಲ್ಲ.

ಈ ಗೊಂದಲವು ಯಾರ ದುರುದ್ದೇಶದಿಂದಲೂ ಹುಟ್ಟಿದ್ದಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಮಂಡಳಗಳು ಹುಟ್ಟಿದ ಬಗೆಯೇ ಹಾಗೆ. ಒಂದೇ ಹೊಟೇಲಿನ, ಒಂದೇ ಚಾಳಿನ ಹತ್ತು ಹನ್ನೆರಡು ಮಂದಿ ಸೇರಿ ಒಂದು ಚೆಂಡನ್ನು ಕೊಂಡರು. ಅವರಲ್ಲಿ ಊರಿನ ಶಾಲೆಯಲ್ಲಿ ಚೆನ್ನಾಗಿ ಆಡಿದ್ದವನೊಬ್ಬನು ಉಳಿದವರಿಗೆ ಹೇಳಿಕೊಟ್ಟನು. ಅವನೇ ವಂತಿಗೆ ಎತ್ತಿದನು, ಅವನೇ ಬಲೆಯನ್ನು ತನ್ನ ಖೋಲಿಯಲ್ಲಿಟ್ಟುಕೊಂಡನು, ಪಂದ್ಯದ ದಿನ ಅವನೇ ನಾಯಕನೂ ಆದನು. ಹನ್ನೆರಡು ಮಂದಿಗೆ ಈ ವ್ಯವಸ್ಥೆ ಸಾಕಾಗಿತ್ತು. ಈಗ ಅದೇ ಮಂಡಳದಲ್ಲಿ ನೂರಾರು ಸದಸ್ಯರಿದ್ದಾರೆ. 1860ರ ಸೊಸೈಟಿ ನೋಂದಣಿ ಕಾಯಿದೆಯ ಅನ್ವಯ ಅದು ನೋಂದಾಯಿತವಾಗಿದೆ. ರಜೆಯಲ್ಲಿ ಮಕ್ಕಳ ಶಿಬಿರ ನಡೆಯುತ್ತದೆ, ಹುಡುಗಿಯರ ತಂಡವೂ ಇದೆ, ಪಂದ್ಯಾಟಕ್ಕೆ ನಗದು ಬಹುಮಾನವಿದೆ. ಸಂಸ್ಥೆ ದೊಡ್ಡದಾಯಿತು; ವ್ಯವಸ್ಥೆ ಮಾತ್ರ ಚೆಂಡು ಕೊಂಡ ದಿನದಲ್ಲಿಯೇ ನಿಂತುಬಿಟ್ಟಿದೆ.

ನಮ್ಮ ವಾಚಕರಲ್ಲಿ ಬಹುಮಂದಿ ಹೊಟೇಲಿನ ಅನ್ನ ಉಂಡವರು. ಅವರಿಗೆ ಈ ವಿಷಯವನ್ನು ಹೊಟೇಲಿನ ಮಾತಿನಲ್ಲಿಯೇ ಹೇಳುವುದು ಸುಲಭ. ಧಣಿಯು ಬಂಡವಾಳ ಹಾಕಿದವನು. ಭಟ್ಟರನ್ನು ಗೊತ್ತುಮಾಡುವವನು ಅವನೇ, ಸಂಬಳ ನಿಶ್ಚಯಿಸುವವನು ಅವನೇ, ಸಾಂಬಾರು ಮೂರು ತಿಂಗಳು ಸತತವಾಗಿ ಕೆಟ್ಟರೆ ಭಟ್ಟರನ್ನು ಬಿಡಿಸುವವನೂ ಅವನೇ. ಉಗ್ರಾಣದ ಬೀಗದಕೈ ಅವನ ಬಳಿ ಇರಬೇಕು, ಪುರಸಭೆಯ ಪರವಾನಗಿ ಅವನ ಹೆಸರಿನಲ್ಲಿ ಇರಬೇಕು. ಆದರೆ ಒಲೆಯ ಮೇಲೆ ಕುದಿಯುತ್ತಿರುವ ಪಾತ್ರೆಗೆ ಧಣಿಯು ಹಾದುಹೋಗುವಾಗ ಒಂದು ಹಿಡಿ ಉಪ್ಪು ಹಾಕಬಾರದು. ಹಾಕಿದರೆ ಆ ದಿನದ ಸಾಂಬಾರು ಯಾರದೆಂದು ಹೇಳುವುದು? ಗಿರಾಕಿಯು ತಟ್ಟೆ ಸರಿಸಿದರೆ ಭಟ್ಟರು ಧಣಿಯನ್ನು ತೋರಿಸುತ್ತಾರೆ, ಧಣಿಯು ಭಟ್ಟರನ್ನು ತೋರಿಸುತ್ತಾನೆ. ಹಾಗೆಯೇ ಭಟ್ಟರನ್ನು ಗಲ್ಲಾದಲ್ಲಿ ಕೂರಿಸಿದರೂ ಕೆಟ್ಟಿತು. ಭಟ್ಟರು ಕಳ್ಳರೆಂದಲ್ಲ, ಒಲೆಯನ್ನು ಬಿಟ್ಟು ಬಂದವರ ಮನಸ್ಸು ಗಲ್ಲಾದಲ್ಲಿಯೂ ಇರುವುದಿಲ್ಲ, ಒಲೆಯಲ್ಲಿಯೂ ಇರುವುದಿಲ್ಲ.

ಇದನ್ನು ನಾವು ಪರರಿಗೆ ಬುದ್ಧಿ ಹೇಳುವ ಧಾಟಿಯಲ್ಲಿ ಬರೆಯುತ್ತಿಲ್ಲ. ನಾವೂ ಉಪ್ಪು ಹಾಕಿದವರೇ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು, ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ, ಒಂದು ಮಂಡಳದ ಸಮಿತಿಯಲ್ಲಿದ್ದೆವು. ಆ ವರ್ಷ ಕಬಡ್ಡಿ ತಂಡದ ಜೆರ್ಸಿಗಳು ನಮ್ಮ ಖರ್ಚಿನವು. ಪಂದ್ಯದ ಹಿಂದಿನ ರಾತ್ರಿ ತರಬೇತುದಾರರೊಡನೆ ಚಹ ಕುಡಿಯುತ್ತ, ನಮ್ಮ ಕ್ಯಾಷಿಯರನ ಭಾವಮೈದುನನೊಬ್ಬನಿದ್ದಾನೆ, ಒಳ್ಳೆಯ ಮೈಕಟ್ಟು, ನಾಳೆ ಅವನನ್ನೊಮ್ಮೆ ಇಳಿಸಿ ನೋಡಬಹುದಲ್ಲವೆ ಎಂದೆವು. ಅದು ಆಜ್ಞೆಯಲ್ಲ, ಸಲಹೆ ಎಂದೇ ನಮ್ಮ ಭಾವನೆ. ಜೆರ್ಸಿ ಕೊಟ್ಟವನ ಸಲಹೆಯು ಸಲಹೆಯಾಗಿ ಉಳಿಯುವುದಿಲ್ಲವೆಂಬ ತಿಳಿವಳಿಕೆ ಆಗ ನಮಗಿರಲಿಲ್ಲ. ತರಬೇತುದಾರರು ಏನೂ ಹೇಳದೆ ಲೋಟವನ್ನು ಕೆಳಗಿಟ್ಟರು.

ಮರುದಿನ ಎಡ ಮೂಲೆಯಲ್ಲಿ ಹೊಸಬನು ನಿಂತನು. ಆ ಮೂಲೆಯಲ್ಲಿ ಎರಡು ವರ್ಷ ನಿಂತು ದಾಳಿಗಾರರ ಕಾಲು ಹಿಡಿದಿದ್ದವನು ಪಕ್ಕದ ಬೀದಿಯ ಹೊಟೇಲಿನಲ್ಲಿ ಲೋಟ ತೊಳೆಯುವ ಹುಡುಗ. ಅವನು ಗೆರೆಯ ಹೊರಗೆ ಕುಳಿತನು. ಪಂದ್ಯ ಸೋತೆವು. ಸೋಲು ದೊಡ್ಡ ವಿಷಯವಲ್ಲ, ಕಬಡ್ಡಿಯಲ್ಲಿ ಎರಡರಲ್ಲೊಂದು ತಂಡ ಸೋಲಲೇಬೇಕು. ಆದರೆ ಆ ಹುಡುಗನು ಜೆರ್ಸಿಯನ್ನು ಒಗೆದು, ಮಡಚಿ, ನಮ್ಮ ಗಲ್ಲಾದ ಮೇಲಿಟ್ಟು ಹೋದನು. ಸಿಟ್ಟಿನ ಒಂದು ಮಾತೂ ಇಲ್ಲ. ಆ ಮೇಲೆ ಊರಿಗೆ ಹೋದನೆಂದು ಕೇಳಿದೆವು. ತರಬೇತುದಾರರು ಋತು ಮುಗಿಯುವವರೆಗೆ ಬಂದರು. ಮುಂದಿನ ವರ್ಷ ಕರೆದರೂ ಬರಲಿಲ್ಲ. ಹುಡುಗನು ಚೆನ್ನಾಗಿ ಆಡುತ್ತಿದ್ದನೇ ಎಂದು ನಾವು ಅಂದು ಯಾರನ್ನೂ ಕೇಳಿರಲಿಲ್ಲ; ನೋಡಿಯೂ ಇರಲಿಲ್ಲ. ಸಂಜೆಯ ಅಭ್ಯಾಸಕ್ಕೆ ನಾವು ಹೋದದ್ದು ಆ ವರ್ಷದಲ್ಲಿ ಎರಡು ಸಲವೋ ಮೂರು ಸಲವೋ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಗೆರೆಯೊಳಗಿನದು ತರಬೇತುದಾರರದು, ಗೆರೆಯ ಹೊರಗಿನದು ಸಮಿತಿಯದು. ಯಾರು ಆಡಬೇಕು, ಯಾವ ಸ್ಥಾನದಲ್ಲಿ ಆಡಬೇಕು, ಅಭ್ಯಾಸ ಹೇಗೆ ನಡೆಯಬೇಕು, ಗಾಯಗೊಂಡವನು ಎಂದು ಮರಳಿ ಇಳಿಯಬೇಕು ಎಂಬುದರಲ್ಲಿ ಸಮಿತಿಯ ಅಧ್ಯಕ್ಷರಿಗೂ ಪಂದ್ಯ ನೋಡಲು ಬಂದ ದಾರಿಹೋಕನಿಗೂ ಇರುವ ಅಧಿಕಾರ ಒಂದೇ. ಹಣ, ಮೈದಾನದ ಪರವಾನಗಿ, ಪಂದ್ಯಾಟಗಳ ಪ್ರವೇಶ, ಸಾಮಾನು, ಮಕ್ಕಳ ರಕ್ಷಣೆ, ತರಬೇತುದಾರರ ನೇಮಕ ಮತ್ತು ಸಂಭಾವನೆ ಇವುಗಳಲ್ಲಿ ತರಬೇತುದಾರರು ಕೇಳಿದರೆ ಅಭಿಪ್ರಾಯ ಹೇಳಬಹುದು, ತೀರ್ಮಾನ ಅವರದಲ್ಲ.

ಕಬಡ್ಡಿಯಲ್ಲಿ ಅರ್ಧ ನಿಮಿಷದ ವಿರಾಮವೊಂದಿದೆ. ಆ ಮೂವತ್ತು ಸೆಕೆಂಡುಗಳಲ್ಲಿ ತರಬೇತುದಾರನು ಏಳು ಮಂದಿಗೆ ಒಂದೇ ಒಂದು ಮಾತು ಹೇಳಬೇಕು. ನಮ್ಮ ಪಂದ್ಯಾಟಗಳಿಗೆ ಹೋಗಿ ನೋಡಿರಿ. ವಿರಾಮದ ಸೀಟಿ ಊದಿದೊಡನೆ ಕಾರ್ಯದರ್ಶಿ ಓಡಿಬರುತ್ತಾರೆ, ಕೋಶಾಧಿಕಾರಿ ಓಡಿಬರುತ್ತಾರೆ, ಕಳೆದ ವರ್ಷದ ನಾಯಕ ಬರುತ್ತಾನೆ, ಹಿಂದಿನಿಂದ ಬಹುಮಾನದ ದಾನಿಗಳೂ ಬರುತ್ತಾರೆ. ಒಬ್ಬರು ಬೋನಸ್ ತೆಗೆದುಕೊ ಎನ್ನುತ್ತಾರೆ, ಇನ್ನೊಬ್ಬರು ಸುಮ್ಮನೆ ಸಮಯ ಕಳೆ ಎನ್ನುತ್ತಾರೆ. ಹುಡುಗನು ತಲೆಯಾಡಿಸುತ್ತ ನೀರು ಕುಡಿಯುತ್ತಾನೆ. ಆಮೇಲೆ ಹೋಗಿ ಔಟಾಗಿ ಬರುತ್ತಾನೆ.

ಈ ಗಡಿಗೆರೆಯ ಕಷ್ಟ ನಮ್ಮ ಸಣ್ಣ ಮಂಡಳಗಳಿಗೆ ಮಾತ್ರ ಇರುವುದೆಂದು ಯಾರೂ ತಿಳಿಯಬಾರದು. ನಮ್ಮವರೇ ಆದ ಅನಿಲ್ ಕುಂಬ್ಳೆಯವರ ಉದಾಹರಣೆಯನ್ನು ನೋಡೋಣ. ಅವರು ಗಡಿಯ ಎರಡೂ ಬದಿಯಲ್ಲಿ ನಿಂತವರು. 2010ರಿಂದ 2013ರವರೆಗೆ ಅವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು. ಜಾವಗಲ್ ಶ್ರೀನಾಥರು ಕಾರ್ಯದರ್ಶಿಗಳು. 2016ರ ಜೂನಿನಲ್ಲಿ ಕುಂಬ್ಳೆಯವರು ಭಾರತ ತಂಡದ ತರಬೇತುದಾರರಾದರು. ಮಂಡಳಿಯೊಂದು, ಅವರ ಹೆಸರನ್ನು ಸೂಚಿಸಿದ ಸಲಹಾ ಸಮಿತಿಯೊಂದು, ತಂಡವನ್ನು ಆರಿಸುವ ಆಯ್ಕೆ ಸಮಿತಿ ಮತ್ತೊಂದು, ಮೈದಾನದಲ್ಲಿ ನಾಯಕ. ಒಂದು ವರ್ಷದೊಳಗೆ, 2017ರ ಜೂನ್ 20ರಂದು, ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯ ಮುಗಿದ ಎರಡೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆಯೆಂಬುದನ್ನು ಮಂಡಳಿಯು ತಮಗೆ ಅದರ ಹಿಂದಿನ ದಿನ ಮೊದಲ ಬಾರಿಗೆ ತಿಳಿಸಿತೆಂದೂ, ನಾಯಕ ಮತ್ತು ತರಬೇತುದಾರರ ನಡುವಿನ ಎಲ್ಲೆಯನ್ನು ತಾವು ಯಾವಾಗಲೂ ಗೌರವಿಸಿದ್ದೆವೆಂದೂ ಅವರು ಹೇಳಿಕೆಯಲ್ಲಿ ತಿಳಿಸಿದರು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ದೇಶದ ಅತ್ಯಂತ ಶ್ರೀಮಂತ ಕ್ರೀಡಾಸಂಸ್ಥೆಯಲ್ಲಿಯೂ ಎಲ್ಲೆಯ ಬಗ್ಗೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ನಕ್ಷೆ ಇತ್ತೆಂಬುದಷ್ಟೇ ನಮಗೆ ಬೇಕಾದ ಸಂಗತಿ.

ಅದೇ ಕ್ರಿಕೆಟ್ ಮಂಡಳಿಯ ಸುಧಾರಣೆಗಾಗಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ನ್ಯಾಯಮೂರ್ತಿ ಆರ್. ಎಂ. ಲೋಧಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರೂ ಅದರ ಸದಸ್ಯರಲ್ಲಿ ಒಬ್ಬರು. 2016ರ ಜನವರಿಯಲ್ಲಿ ಹೊರಬಂದ ವರದಿಯು ವಯೋಮಿತಿ, ಮಂತ್ರಿಗಳ ನಿಷೇಧ ಮುಂತಾದ ಗದ್ದಲದ ಶಿಫಾರಸುಗಳಿಂದ ಹೆಸರಾಯಿತು. ಆದರೆ ನಮಗೆ ಬೇಕಾದುದು ಗದ್ದಲವಿಲ್ಲದ ಒಂದು ಭಾಗ: ಆಯ್ಕೆ, ತರಬೇತಿ, ಆಟದ ಗುಣದ ಪರಿಶೀಲನೆ ಇವು ಆಟ ಆಡಿದವರ ಕೈಯಲ್ಲಿ, ವ್ಯವಹಾರದ ನಿರ್ವಹಣೆ ಸಂಬಳ ಪಡೆಯುವ ಅಧಿಕಾರಿಗಳ ಕೈಯಲ್ಲಿ. ಆ ವರದಿಯ ಎಷ್ಟು ಭಾಗ ಜಾರಿಯಾಯಿತು, ಎಷ್ಟು ಸಡಿಲವಾಯಿತು ಎಂಬುದು ಬೇರೆ ಕಥೆ. ಸಾವಿರಾರು ಕೋಟಿ ರೂಪಾಯಿಗಳ ಸಂಸ್ಥೆಗೆ ಹೇಳಿದ ಈ ಮಾತನ್ನು ಅನುಸರಿಸಲು ನಮ್ಮ ಮಂಡಳಕ್ಕೆ ಒಂದು ರೂಪಾಯಿಯೂ ಖರ್ಚಾಗದು.

ಇಲ್ಲಿ ಒಂದು ಆಕ್ಷೇಪವು ಬರುವುದು ನಮಗೆ ಗೊತ್ತಿದೆ. ಶಿವಾಜಿ ಪಾರ್ಕಿನ ರಮಾಕಾಂತ ಆಚ್ರೇಕರರು ಯಾವ ಸಮಿತಿಯ ಗೆರೆ ನೋಡಿ ಆಟ ಕಲಿಸಿದರು ಎಂದು ಕೇಳುತ್ತಾರೆ. ಸ್ಟೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದ ಆಚ್ರೇಕರರು ಕಾಮತ್ ಮೆಮೋರಿಯಲ್ ಕ್ಲಬ್ಬನ್ನು ತಾವೇ ನಡೆಸಿದರು; ಸಚಿನ್ ತೆಂಡುಲ್ಕರರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೈದಾನದಿಂದ ಮೈದಾನಕ್ಕೆ ಒಯ್ದರು; ಗೂಟದ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು, ಔಟಾಗದೆ ಉಳಿದರೆ ಅದು ನಿನ್ನದು ಎಂದರು. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಪಡೆದು 2019ರ ಜನವರಿ 2ರಂದು ತೀರಿಕೊಂಡರು. ನಿಜ, ಅಂಥವರಿಗೆ ಗೆರೆ ಬೇಕಾಗಿಲ್ಲ. ಆದರೆ ಅಂಥವರು ಒಂದು ನಗರಕ್ಕೆ ಒಂದು ತಲೆಮಾರಿನಲ್ಲಿ ಎಷ್ಟು ಮಂದಿ? ಗೂಟದ ಮೇಲಿಟ್ಟ ಆ ನಾಣ್ಯ ಅವರ ಸ್ವಂತ ಕಿಸೆಯದೆಂಬುದನ್ನೂ ನಮ್ಮ ಆಕ್ಷೇಪಕರು ಗಮನಿಸಬೇಕು. ನಮ್ಮ ಮಂಡಳಗಳಲ್ಲಿ ಜಗಳವಾಗುತ್ತಿರುವುದು ಇತರರ ಕಿಸೆಯಿಂದ ಬಂದ ನಾಣ್ಯಗಳ ಬಗ್ಗೆ.

ಹೀಗೆಂದೊಡನೆ ತರಬೇತುದಾರರ ಕಡೆಯ ತಪ್ಪುಗಳನ್ನೂ ಹೇಳಬೇಕಾಗುತ್ತದೆ. ಇದುವರೆಗೆ ಸಂತೋಷದಿಂದ ಓದುತ್ತ ಬಂದ ತರಬೇತುದಾರರು ಇನ್ನು ಮುಂದೆ ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲನೆಯದು ಹಣ. ಫೋನಿನ ಮೂಲಕವೇ ಹಣ ಸಂದಾಯವಾಗುವ ಈ ಕಾಲದಲ್ಲಿ ಮಕ್ಕಳ ಶಿಬಿರದ ಶುಲ್ಕವು ತರಬೇತುದಾರರ ಸ್ವಂತ ಖಾತೆಗೆ ಬೀಳುವ ಪದ್ಧತಿ ಹಲವು ಕಡೆ ಬೆಳೆದಿದೆ. ಅದರಲ್ಲಿಯೇ ಚೆಂಡು ಕೊಂಡೆ, ಬಾಡಿಗೆ ಕೊಟ್ಟೆ, ಉಳಿದುದು ನನ್ನ ಸಂಭಾವನೆ ಎನ್ನುತ್ತಾರೆ. ಅವರು ಒಂದು ಪೈಸೆಯನ್ನೂ ಮುಟ್ಟದಿರಬಹುದು. ಆದರೂ ಶುಲ್ಕ ಕೊಡಲಾಗದ ಹುಡುಗನನ್ನು ತಂಡದಿಂದ ಬಿಟ್ಟ ದಿನ, ಬಿಟ್ಟದ್ದು ಆಟದ ಕಾರಣಕ್ಕೋ ಹಣದ ಕಾರಣಕ್ಕೋ ಎಂದು ಯಾರು ನಂಬಿಸುವರು? ಶುಲ್ಕ ವಸೂಲು ಮಾಡುವವನು ಪಟ್ಟಿ ಬರೆಯಬಾರದು, ಪಟ್ಟಿ ಬರೆಯುವವನಿಗೆ ಯಾರು ಶುಲ್ಕ ಕೊಟ್ಟಿಲ್ಲವೆಂಬುದು ತಿಳಿದಿರಲೂಬಾರದು. ಇದು ತರಬೇತುದಾರರ ಮೇಲಿನ ಅವಿಶ್ವಾಸವಲ್ಲ. ಅವರ ಮರ್ಯಾದೆಯ ರಕ್ಷಣೆ.

ಸಮಿತಿಯವರೂ ಈ ವಿಷಯದಲ್ಲಿ ಹಗುರವಾಗಿರುವಂತಿಲ್ಲ. ಮುಂಬಯಿಯ ನೋಂದಾಯಿತ ಮಂಡಳಗಳು ಬಹುತೇಕ 1950ರ ಸಾರ್ವಜನಿಕ ನ್ಯಾಸ ಕಾಯಿದೆಗೂ ಒಳಪಟ್ಟಿರುತ್ತವೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಚಾರಿಟಿ ಕಮಿಷನರರ ಕಚೇರಿಗೆ ವರದಿ ಸಲ್ಲಿಸಬೇಕು, ಲೆಕ್ಕ ತಪಾಸಣೆಯಾಗಬೇಕು. ಆ ಕಚೇರಿಯಿಂದ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದವರು ಸಮಿತಿಯವರೇ ಹೊರತು ತರಬೇತುದಾರರಲ್ಲ. ಎಡ ಮೂಲೆಯಲ್ಲಿ ಯಾರನ್ನು ನಿಲ್ಲಿಸಬೇಕೆಂದು ಎರಡು ಗಂಟೆ ಚರ್ಚಿಸುವ ಸಭೆಯು ಲೆಕ್ಕಪತ್ರವನ್ನು ಎರಡು ನಿಮಿಷದಲ್ಲಿ ಅಂಗೀಕರಿಸಿ ಉಪ್ಪಿಟ್ಟಿಗೆ ಏಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಎರಡನೆಯದು ಮಕ್ಕಳು. ಇದನ್ನು ಬರೆಯುವುದು ಹಿತವಲ್ಲ, ಬರೆಯದಿರುವುದು ಧರ್ಮವಲ್ಲ. ಮೈದಾನದಲ್ಲಿ ತರಬೇತುದಾರನ ಮಾತೇ ಕೊನೆಯ ಮಾತೆಂದು ಒಪ್ಪಿದ ಮೇಲೆ ಆ ಅಧಿಕಾರಕ್ಕೆ ಒಂದು ಹೊರಗೋಡೆ ಬೇಕು. 2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳೇ ದೆಹಲಿಯ ಜಂತರ್ ಮಂತರಿನಲ್ಲಿ ನೆಲದ ಮೇಲೆ ಕುಳಿತು, ತಮ್ಮ ದೂರನ್ನು ಕೇಳುವವರಾರು ಎಂದು ಕೇಳಬೇಕಾಯಿತು. ಅವರಿಗೇ ಆ ಗತಿಯಾದರೆ ಡೊಂಬಿವಲಿಯ ಹದಿಮೂರು ವರ್ಷದ ಹುಡುಗಿಯು ಯಾರ ಬಳಿ ಹೇಳಿಕೊಳ್ಳಬೇಕು? ಶಿಬಿರದಲ್ಲಿ ಮಹಿಳೆಯೊಬ್ಬರು ಇದ್ದಾರೆಯೇ, ಹೊರಊರಿನ ಪಂದ್ಯಕ್ಕೆ ಹುಡುಗಿಯರೊಡನೆ ಯಾರು ಹೋಗುತ್ತಾರೆ, ಹೊಡೆದು ಬಡಿದು ಕಲಿಸುವ ಹಳೆಯ ಕ್ರಮ ಇನ್ನೂ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಸಮಿತಿಯ ಕೆಲಸ. ಅದು ಆಟದಲ್ಲಿ ಕೈಹಾಕಿದಂತಲ್ಲ. 2012ರ ಪೋಕ್ಸೋ ಕಾಯಿದೆಯು ಮಗುವಿನ ಮೇಲಿನ ದೌರ್ಜನ್ಯದ ಸಂಗತಿ ತಿಳಿದೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆಯನ್ನು ವಿಧಿಸುತ್ತದೆ. ನಮ್ಮವರೊಳಗೆಯೇ ಮುಗಿಸೋಣ, ಸಮಾಜದ ಹೆಸರು ಕೆಡುತ್ತದೆ ಎಂಬ ಹಿರಿಯರ ಮಾತಿಗೆ ಈ ವಿಷಯದಲ್ಲಿ ಕಿವಿಗೊಡತಕ್ಕದ್ದಲ್ಲ.

ಇನ್ನು ಕೆಲವು ವಿಷಯಗಳು ಗೆರೆಯ ಮೇಲೆಯೇ ಬೀಳುತ್ತವೆ. ಅವನ್ನು ಯಾವ ಬದಿಗೂ ಎಳೆಯಲಾಗುವುದಿಲ್ಲ. ಅಭ್ಯಾಸದ ಹೊತ್ತನ್ನೇ ತೆಗೆದುಕೊಳ್ಳಿರಿ. ಸಂಜೆ ಆರಕ್ಕೆ ಅಭ್ಯಾಸವೆಂದು ತರಬೇತುದಾರರು ನಿಶ್ಚಯಿಸುತ್ತಾರೆ. ಆಟದ ದೃಷ್ಟಿಯಿಂದ ಅದು ಸರಿ. ಬಿಸಿಲು ಇಳಿದಿರುತ್ತದೆ, ಕಚೇರಿಯ ಗುಮಾಸ್ತರು ಲೋಕಲ್ ಹಿಡಿದು ಬಂದಿರುತ್ತಾರೆ. ಆದರೆ ಹೊಟೇಲಿನ ಹುಡುಗನಿಗೆ ಆರು ಗಂಟೆ ಎಂದರೆ ಸಂಜೆಯ ಗಿರಾಕಿಯ ಹೊತ್ತು. ಹೊತ್ತನ್ನು ಆರಕ್ಕಿಟ್ಟ ಕ್ಷಣದಲ್ಲಿಯೇ ತಂಡದ ಅರ್ಧ ಆಯ್ಕೆ ಮುಗಿದುಹೋಯಿತು. ಯಾರೂ ಯಾರನ್ನೂ ಬಿಡಲಿಲ್ಲ, ಆದರೂ ಹೊಟೇಲಿನವರು ಹೊರಗುಳಿದರು. ಇದನ್ನು ಇಬ್ಬರೂ ಕೂಡಿ ಕುಳಿತು ಮಾತಾಡಬೇಕು. ಅಗತ್ಯವಿದ್ದರೆ ಸಮಿತಿಯವರು ಧಣಿಗಳನ್ನು ಕಂಡು ವಾರಕ್ಕೆರಡು ದಿನ ಪಾಳಿ ಬದಲಿಸಿಕೊಡುವಂತೆ ಕೇಳಬೇಕು. ಬಹುಮಾನದ ಫಲಕದ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಧಣಿಗಳು ಎರಡು ಗಂಟೆಯ ಬಿಡುವು ಕೊಡಲಾರರೆ? ನಾವು ಧಣಿಯಾಗಿದ್ದಾಗ ಕೊಟ್ಟೆವೇ ಎಂದು ಕೇಳಿದರೆ, ಕೆಲವೊಮ್ಮೆ ಕೊಟ್ಟೆವು, ಕೆಲವೊಮ್ಮೆ ಗದರಿಸಿ ಕಳುಹಿಸಿದೆವು ಎಂದು ಒಪ್ಪಿಕೊಳ್ಳುತ್ತೇವೆ.

ಶಿಸ್ತಿನ ವಿಷಯವೂ ಹಾಗೆಯೇ. ಅಭ್ಯಾಸಕ್ಕೆ ತಡವಾಗಿ ಬಂದವನನ್ನು ಒಂದು ಪಂದ್ಯದಿಂದ ಬಿಡುವುದು ತರಬೇತುದಾರರಿಗೆ ಸೇರಿದ್ದು. ಮಂಡಳದಿಂದಲೇ ಹೊರಹಾಕುವುದು ಸಮಿತಿಯದು. ಅದೂ ಆ ಹುಡುಗನ ಮಾತನ್ನು ಕೇಳಿದ ಮೇಲೆ. ತರಬೇತುದಾರರನ್ನು ಬದಲಿಸುವುದಿದ್ದರೆ ಋತು ಮುಗಿದ ಮೇಲೆ ಬದಲಿಸಲಿ. ಎರಡು ಪಂದ್ಯ ಸೋತೊಡನೆ ಮಧ್ಯದಲ್ಲಿ ಕೈಬಿಡುವುದು ಭಟ್ಟರನ್ನು ಮದುವೆಯ ಊಟದ ನಡುವೆ ಕಳುಹಿಸಿದಂತೆ.

ಸಮಿತಿಗಳು ತಮ್ಮ ತಮ್ಮಲ್ಲಿ ಬಡಿದಾಡುತ್ತಿರುವಾಗ ಆಟಕ್ಕೆ ಏನಾಗುತ್ತದೆಂಬುದನ್ನು ನಮ್ಮ ಮಣ್ಣಿನ ಕಬಡ್ಡಿಯೇ ತೋರಿಸಿದೆ. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಂದಿನಿಂದ 2014ರವರೆಗೆ ಪುರುಷರ ಏಳು ಚಿನ್ನಗಳೂ ಭಾರತದವೇ. 2018ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಕಬಡ್ಡಿ ಫೆಡರೇಷನ್ನಿನ ಪದಾಧಿಕಾರದ ವ್ಯಾಜ್ಯದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅಧ್ಯಕ್ಷ ಸ್ಥಾನದ ನೇಮಕವನ್ನು ರದ್ದುಪಡಿಸಿ ಆಡಳಿತಗಾರರನ್ನು ಕೂರಿಸಿತು. ಅದೇ ತಿಂಗಳಲ್ಲಿ ಜಕಾರ್ತದಲ್ಲಿ ಪುರುಷರು ಉಪಾಂತ್ಯದಲ್ಲಿ ಇರಾನಿಗೆ 18-27ರಿಂದ ಸೋತರು. ಮಹಿಳೆಯರು ಅಂತಿಮ ಪಂದ್ಯದಲ್ಲಿ ಅದೇ ಇರಾನಿಗೆ 24-27ರಿಂದ ಸೋತರು. ಆ ಇರಾನಿ ಮಹಿಳೆಯರಿಗೆ ಆಟ ಕಲಿಸಿದವರು ಯಾರು? ನಮ್ಮ ನಾಸಿಕದ ಶೈಲಜಾ ಜೈನ್. ನ್ಯಾಯಾಲಯದ ಆಜ್ಞೆಯಿಂದಲೇ ಪಂದ್ಯ ಸೋತೆವೆಂದು ಹೇಳುವಷ್ಟು ನಾವು ಸಾಹಸಿಗಳಲ್ಲ. ಇರಾನಿನವರು ಚೆನ್ನಾಗಿ ಆಡಿದರು. ಆದರೆ ಕಲಿಸಬಲ್ಲವರು ನಮ್ಮಲ್ಲಿಯೇ ಇದ್ದು, ಆಗ ನಮ್ಮವರ ಗಮನವೆಲ್ಲ ಕುರ್ಚಿಯ ಕಡೆಗಿತ್ತೆಂಬುದನ್ನು ಅಲ್ಲಗಳೆಯುವವರು ಯಾರು?

ಈಗ ಮಂಡಳಗಳಿಗೆ ನಮ್ಮ ಬೇಡಿಕೆ ಸಣ್ಣದು. ಋತು ಆರಂಭವಾಗುವ ಮೊದಲು ಸಮಿತಿಯವರೂ ತರಬೇತುದಾರರೂ ಒಂದು ಸಂಜೆ ಕುಳಿತು ಒಂದೇ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ವಕೀಲರ ಭಾಷೆ ಬೇಡ, ನಾವು ನೀವು ಮಾತಾಡುವ ಕನ್ನಡ ಸಾಕು. ಪಟ್ಟಿ ಬರೆಯುವವರು ಯಾರು, ಅದನ್ನು ಎಷ್ಟು ಹೊತ್ತಿಗೆ ಹಲಗೆಗೆ ಅಂಟಿಸಬೇಕು. ಶುಲ್ಕ ಯಾರ ಕೈಗೆ, ಯಾವ ಖಾತೆಗೆ. ತರಬೇತುದಾರರ ಸಂಭಾವನೆ ಎಷ್ಟು, ಯಾವ ತಾರೀಕಿಗೆ. ಪಂದ್ಯದ ವಿರಾಮದಲ್ಲಿ ಗೆರೆಯೊಳಗೆ ಯಾರು ಬರಬಹುದು. ದೂರು ಇರುವ ಹುಡುಗ ಅಥವಾ ಹುಡುಗಿ ಯಾರ ಬಳಿ ಹೋಗಬೇಕು. ಸಂಭಾವನೆಯ ತಾರೀಕನ್ನು ನಾವು ಬೇಕೆಂದೇ ಸೇರಿಸಿದ್ದೇವೆ. ಸಂಬಳವನ್ನು ಎರಡು ತಿಂಗಳು ಬಾಕಿ ನಿಲ್ಲಿಸಿ ತರಬೇತುದಾರರ ಸ್ವಾತಂತ್ರ್ಯವನ್ನು ಗೌರವಿಸುತ್ತೇವೆಂದು ಹೇಳುವ ಸಮಿತಿಗಳೂ ಇವೆ.

ಹಾಳೆಯ ಒಂದು ಪ್ರತಿ ಆಟಗಾರರ ಕಣ್ಣಿಗೆ ಬೀಳುವಲ್ಲಿ ತೂಗುಬೀಳಲಿ. ಮಂಡಳಗಳು ನಮಗೆ ಕಳುಹಿಸಿದರೆ ಈ ಪುಟದಲ್ಲಿ ಪ್ರಕಟಿಸುವೆವು. ಒಂದು ಮಂಡಳದ ಹಾಳೆಯನ್ನು ನೋಡಿ ಇನ್ನೊಂದು ಮಂಡಳವು ತನ್ನದನ್ನು ತಿದ್ದಿಕೊಳ್ಳಬಹುದು. ಆಟಗಾರರಲ್ಲಿ ಇಬ್ಬರನ್ನಾದರೂ ಸಮಿತಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಆಡಳಿತದಲ್ಲಿ ಕ್ರೀಡಾಪಟುಗಳಿಗೂ ಸ್ಥಾನವಿರಬೇಕೆಂದು 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯೇ ಹೇಳಿದೆ. ಆ ಕಾಯಿದೆ ಚಾಳಿನ ಮಂಡಳದವರೆಗೆ ಇಳಿದುಬರುವುದನ್ನು ಕಾಯಬೇಕಾಗಿಲ್ಲ.

ಈ ವರ್ಷವೂ ಒಂದು ಮಂಡಳದವರು ಜೆರ್ಸಿಗಾಗಿ ನಮ್ಮಲ್ಲಿಗೆ ಬಂದಿದ್ದರು, ಕೊಟ್ಟೆವು. ತಂಡ ಚೆನ್ನಾಗಿದೆಯಂತೆ. ಒಬ್ಬ ಹುಡುಗ ಎಡ ಮೂಲೆಯಲ್ಲಿ ಒಳ್ಳೆಯ ಹಿಡಿತದವನಂತೆ, ಎಲ್ಲಿ ಕೆಲಸ ಮಾಡುತ್ತಾನೆಂದು ನಾವು ಕೇಳಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ಪಟ್ಟಿ ಹಲಗೆಗೆ ಬರುವುದಂತೆ. ಉಳಿದವರ ಜೊತೆಗೆ ನಿಂತು ನಾವೂ ಓದಿಕೊಳ್ಳುವೆವು.